37 ಪದಗಳ ಕಾನೂನು ಮತ್ತು ಅಕ್ಕನ ಮಗಳ ಫುಟ್‌ಬಾಲು

ಮೊನ್ನೆ ಜೂನ್ 15ರ ಬೆಳಿಗ್ಗೆ ಹತ್ತೂವರೆಗೆ ಡಲ್ಲಾಸಿನಿಂದ ಅಕ್ಕನ ಫೋನು. ದೊಡ್ಡಪ್ಪನ ಮಗಳು, ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಲ್ಲಿ ಆಗಷ್ಟೇ ಮಧ್ಯರಾತ್ರಿ ಹನ್ನೆರಡಾಗಿತ್ತು. ಗಾಬರಿಯಾಗಿ "ಏನಾಯ್ತಕ್ಕಾ?" ಅಂದೆ.

"ಏನಿಲ್ಲ ಕಣೋ, ಮೂರು ಜನಾನೂ ಮಗಳ ಫೋನ್ ನೋಡ್ಕೊಂಡು ಕೂತಿದೀವಿ. ಕಾಲೇಜ್ ಕೋಚುಗಳು ಮೆಸೇಜ್ ಮಾಡೋಕೆ ಶುರುಮಾಡೋ ದಿನ ಇವತ್ತು."

ಅಕ್ಕನ ಮಗಳು ಅಲ್ಲಿ ಸಾಕರ್ ಕ್ಲಬ್ಬೊಂದರಲ್ಲಿ ಆಡ್ತಾಳೆ. (ನಮ್ಮ ಫುಟ್‌ಬಾಲ್ ಅವರಿಗೆ ಸಾಕರ್. ಅವರು ಫುಟ್‌ಬಾಲ್ ಅನ್ನೋದು ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟಕ್ಕೆ.) ಆಟಕ್ಕೂ ಕಾಲೇಜ್ ಸೀಟಿಗೂ ಇಷ್ಟೊಂದು ನಂಟು ಹೇಗೆ ಬಂತು ಅಂತ ತಲೆಯಲ್ಲಿ ಹುಳ ಬಿಟ್ಟಂಗಾಯ್ತು. ಎರಡು ವಾರಾಂತ್ಯ ಕೂತು ಓದಿದ್ದನ್ನ ಇಲ್ಲಿ ಬರೀತಿದೀನಿ.

ಕಥೆ ಶುರುವಾಗೋದು ಮೈದಾನದಲ್ಲಲ್ಲ, ಪಾರ್ಲಿಮೆಂಟಿನಲ್ಲಿ. ಹವಾಯಿಯ ಪ್ಯಾಟ್ಸಿ ಮಿಂಕ್ ಡಾಕ್ಟರ್ ಆಗಬೇಕು ಅಂದ್ಕೊಂಡಿದ್ದವರು. ಹೆಣ್ಣು ಅನ್ನೋ ಕಾರಣಕ್ಕೆ ಹತ್ತಾರು ಮೆಡಿಕಲ್ ಕಾಲೇಜುಗಳು ಬಾಗಿಲು ಹಾಕಿದವು. ಕೊನೆಗೆ ಕಾನೂನು ಓದಿ, ರಾಜಕೀಯಕ್ಕೆ ಬಂದು, ಎಡಿತ್ ಗ್ರೀನ್ ಮತ್ತು ಸೆನೆಟರ್ ಬರ್ಚ್ ಬೇ ಜೊತೆ ಸೇರಿ ಒಂದು ಕಾನೂನಿಗೆ ದುಡಿದರು. ಅದೇ 'ಟೈಟಲ್ ನೈನ್'. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಸರ್ಕಾರದ ಹಣ ಪಡೆಯೋ ಯಾವ ಶಿಕ್ಷಣ ಸಂಸ್ಥೆಯೂ ಗಂಡು-ಹೆಣ್ಣು ಅಂತ ಭೇದ ಮಾಡುವಂತಿಲ್ಲ, ಇಷ್ಟೇ ಅದರ ಸಾರಾಂಶ. ಮೂಲದಲ್ಲಿ ಮುಖ್ಯ ವಾಕ್ಯ ಇರೋದು 37 ಪದ. ಅದರಲ್ಲಿ ಆಟ ಅನ್ನೋ ಮಾತೇ ಇಲ್ಲ!

ಆದರೆ ಅಮೆರಿಕದಲ್ಲಿ ಆಟ ಶಾಲೆ-ಕಾಲೇಜಿನೊಳಗೇ ಇರೋದು. ಹಾಗಾಗಿ ಕಾನೂನು ಆಟಕ್ಕೂ ತಗುಲಿಕೊಂಡಿತು. 1971-72ರಲ್ಲಿ ಇಡೀ ದೇಶದ ಹೈಸ್ಕೂಲುಗಳಲ್ಲಿ ಸಾಕರ್ ಆಡ್ತಿದ್ದ ಹುಡುಗಿಯರು ಕೇವಲ 700. ಈಗ ಆ ಸಂಖ್ಯೆ ಮೂರೂವರೆ ಲಕ್ಷ ದಾಟಿದೆ.

ಸಾಕರೇ ಯಾಕೆ? ಇಲ್ಲಿದೆ ನೋಡಿ ಲೆಕ್ಕಾಚಾರ. ದೊಡ್ಡ ಕಾಲೇಜೊಂದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೇ 85 ಸ್ಕಾಲರ್‌ಶಿಪ್ ಹೋಗ್ತಿತ್ತು, ಎಲ್ಲಾ ಗಂಡು ಹುಡುಗರಿಗೆ. ದುಡ್ಡು ತರುವ ಆಟಗಳನ್ನು ಈ ಕಾನೂನಿನಿಂದ ಹೊರಗಿಡಿ ಅಂತ 1974ರಲ್ಲಿ ಸೆನೆಟರ್ ಟವರ್ ತಿದ್ದುಪಡಿ ತಂದರು, ಅದು ನಿಲ್ಲಲಿಲ್ಲ. ಹಾಗಾದರೆ ತಕ್ಕಡಿಯ ಇನ್ನೊಂದು ತಟ್ಟೆಗೆ ಏನಾದರೂ ಹಾಕಬೇಕಲ್ಲ? ತಂಡ ದೊಡ್ಡದಿರಬೇಕು, ಖರ್ಚು ಕಮ್ಮಿಯಿರಬೇಕು. ಒಂದು ಚೆಂಡು, ಒಂದು ಹುಲ್ಲುಹಾಸು, ಇಪ್ಪತ್ತೈದು ಹುಡುಗಿಯರು. ಸಾಕರ್ ಹೇಳಿ ಮಾಡಿಸಿದ ಹಾಗಿತ್ತು. ಅದಕ್ಕೇ ಮೊದಲ ದರ್ಜೆಯ ಕಾಲೇಜುಗಳಲ್ಲಿ 2025ರವರೆಗೂ ಹುಡುಗಿಯರ ತಂಡಕ್ಕೆ 14 ಸ್ಕಾಲರ್‌ಶಿಪ್ ಮಿತಿಯಿದ್ದರೆ ಹುಡುಗರಿಗೆ ಇದ್ದದ್ದು 9.9.

1982ರಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮೊದಲ ಮಹಿಳಾ ಸಾಕರ್ ಟೂರ್ನಿ ನಡೆಸಿದಾಗ ಇದ್ದದ್ದು 12 ತಂಡ. ಗೆದ್ದದ್ದು ಆನ್ಸನ್ ಡೊರಾನ್ಸ್ ಕೋಚ್ ಆಗಿದ್ದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ. ಮಿಯಾ ಹ್ಯಾಮ್ ಬೆಳೆದದ್ದೂ ಅಲ್ಲೇ. 1991ರ ಮೊದಲ ಮಹಿಳಾ ವಿಶ್ವಕಪ್ ಅಮೆರಿಕಕ್ಕೆ ಬಂತು. 1999ರ ಜುಲೈ 10ರಂದು ರೋಸ್ ಬೌಲ್‌ನಲ್ಲಿ 90,185 ಜನರ ಮುಂದೆ ಬ್ರ್ಯಾಂಡಿ ಚಾಸ್ಟೇನ್ ಕೊನೆಯ ಪೆನಾಲ್ಟಿ ಹೊಡೆದು ಮತ್ತೊಂದು ವಿಶ್ವಕಪ್ ಗೆಲ್ಲಿಸಿದರು. ಕಾನೂನು ಹಾಕಿದ ಬೀಜ 27 ವರ್ಷಕ್ಕೆ ಫಲ ಕೊಟ್ಟಿತ್ತು.

ಇನ್ನು ಕ್ಲಬ್ಬುಗಳ ವಿಷಯ. ಶಾಲೆಯ ಸೀಸನ್ ಇರೋದು ವರ್ಷಕ್ಕೆ ಕೆಲವೇ ತಿಂಗಳು. ಅಷ್ಟು ದೊಡ್ಡ ದೇಶದಲ್ಲಿ ಊರೂರಿನ ಶಾಲೆಗೆ ಯಾವ ಕೋಚ್ ಹೋಗ್ತಾನೆ? ನೂರಾರು ಕ್ಲಬ್ ತಂಡಗಳು ಒಂದೇ ಕಡೆ ಸೇರುವ ಟೂರ್ನಿ ಇದ್ದರೆ ಎರಡು ದಿನದಲ್ಲಿ ಎಲ್ಲರನ್ನೂ ನೋಡಿಬಿಡಬಹುದು. ಗೆರೆಯಾಚೆ ಮಡಚುಕುರ್ಚಿ ಹಾಕ್ಕೊಂಡು, ಕೈಯಲ್ಲಿ ಪಟ್ಟಿ ಹಿಡಿದು ಕೂತ ಕೋಚುಗಳಿಗಾಗಿಯೇ ಆಟ. 2009ರಲ್ಲಿ 40 ಕ್ಲಬ್ಬುಗಳು ಸೇರಿ ಇಸಿಎನ್‌ಎಲ್ ಅನ್ನೋ ಹುಡುಗಿಯರ ಲೀಗನ್ನೇ ಕಟ್ಟಿದವು. ಆದರೆ ಇದೆಲ್ಲ ಪುಕ್ಕಟೆ ಅಲ್ಲ. ಫೀಸು, ವಿಮಾನ, ಹೋಟೆಲ್ ಸೇರಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ಹತ್ತಿರ ಹೋಗುತ್ತೆ ಅಂತ ಭಾವ ನಿಟ್ಟುಸಿರು ಬಿಡ್ತಾರೆ. ಅಷ್ಟು ಮಾಡಿದರೂ ಪೂರ್ತಿ ಸ್ಕಾಲರ್‌ಶಿಪ್ ಸಿಗೋದು ಅಪರೂಪ. ಆ 14ನ್ನ ಕೋಚ್ ಇಪ್ಪತ್ತೈದು ಜನರಿಗೆ ಪಾಯಸ ಬಡಿಸಿದ ಹಾಗೆ ಸ್ವಲ್ಪ ಸ್ವಲ್ಪ ಹಂಚಬಹುದಿತ್ತು. ಮೂರನೇ ದರ್ಜೆಯ ಕಾಲೇಜುಗಳಲ್ಲಂತೂ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಸರ್ಕಾರ ಬಾಗಿಲು ತೆಗೆಯಿತು, ಬಾಗಿಲವರೆಗಿನ ರಸ್ತೆಗೆ ಟೋಲ್ ಬಂತು.

ಪೈಪೋಟಿ ಜಾಸ್ತಿಯಾದ ಹಾಗೆ ವಯಸ್ಸು ಕೆಳಗಿಳಿಯಿತು. 2014ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್, ಒಂಬತ್ತನೇ ಕ್ಲಾಸ್ ಸೇರುವ ಮೊದಲೇ ಕಾಲೇಜಿಗೆ ಮಾತು ಕೊಟ್ಟ ಹುಡುಗಿಯರ ಬಗ್ಗೆ ಬರೆಯಿತು. ಒಲಿವಿಯಾ ಮೌಲ್ಟ್ರಿ ನಾರ್ತ್ ಕ್ಯಾರೊಲೈನಾದ ಆಹ್ವಾನ ಒಪ್ಪಿಕೊಂಡಾಗ ಹನ್ನೊಂದು ವರ್ಷ. 2019ರಲ್ಲಿ ಹದಿಮೂರಕ್ಕೆ ಅದನ್ನೂ ಬಿಟ್ಟು ವೃತ್ತಿಪರ ಆಟಗಾರ್ತಿಯಾದಳು. ಹನ್ನೊಂದರಲ್ಲಿ ನಾನು ಗೋಲಿ ಆಡ್ತಿದ್ದೆ :)

ಅದೇ 2019ರ ಮಾರ್ಚ್‌ನಲ್ಲಿ ರಿಕ್ ಸಿಂಗರ್ ಹಗರಣ ಬಯಲಾಯ್ತು. ಯೇಲ್ ವಿಶ್ವವಿದ್ಯಾಲಯದಲ್ಲಿ ಮಗಳಿಗೆ ಸಾಕರ್ ಆಟಗಾರ್ತಿಯ ಹೆಸರಲ್ಲಿ ಸೀಟು ಕೊಡಿಸೋಕೆ ಒಂದು ಕುಟುಂಬ ಅವನಿಗೆ ಕೊಟ್ಟದ್ದು 12 ಲಕ್ಷ ಡಾಲರ್. ಅದರಲ್ಲಿ 4 ಲಕ್ಷ ಅಲ್ಲಿನ ಮಹಿಳಾ ತಂಡದ ಕೋಚ್‌ಗೆ. ಹುಡುಗಿಯರಿಗೆ ಜಾಗ ಸಿಗಲಿ ಅಂತ ಮಾಡಿದ ಸೀಟನ್ನೇ ಮಾರಿಕೊಂಡಿದ್ದರು. ಓದಿ ನಿಜಕ್ಕೂ ಸಿಟ್ಟು ಬಂತು.

ಎಳೆ ಮಕ್ಕಳನ್ನು ಕಾಡೋದು ತಪ್ಪಲಿ ಅಂತ ಎನ್‌ಸಿಎಎ 2019ರ ಏಪ್ರಿಲ್‌ನಲ್ಲಿ ಒಂದು ನಿಯಮ ತಂತು. ಮೊದಲ ದರ್ಜೆಯ ಕಾಲೇಜಿನ ಕೋಚುಗಳು ಹತ್ತನೇ ಕ್ಲಾಸ್ ಮುಗಿದ ನಂತರದ ಜೂನ್ 15ಕ್ಕಿಂತ ಮುಂಚೆ ಮಾತಾಡುವಂತಿಲ್ಲ. ಅಕ್ಕನ ಮನೆಯ ಜಾಗರಣೆಗೆ ಕಾರಣ ಇದೇ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯಿಂದ ಸ್ಕಾಲರ್‌ಶಿಪ್ ಮಿತಿಯೂ ಹೋಗಿದೆ. ಆ ರಾಜಿಗೆ ಒಳಪಟ್ಟ ಕಾಲೇಜುಗಳಲ್ಲಿ ಈಗ ತಂಡಕ್ಕೆ 28 ಜನ, ಅಷ್ಟೇ ಮಿತಿ. ಎಲ್ಲರಿಗೂ ಕೊಡಬಹುದು, ಕೊಡಲೇಬೇಕು ಅಂತೇನಿಲ್ಲ.

ಅಕ್ಕ ತಿಪಟೂರಿನಲ್ಲಿ ಹೈಸ್ಕೂಲ್ ಓದುವಾಗ ಖೋ-ಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಹೋದವಳು. ಪಿಯುಸಿ ಸೈನ್ಸ್ ಸೇರಿದ ದಿನ ದೊಡ್ಡಪ್ಪ "ಇನ್ನು ಓಡಿದ್ದು ಸಾಕು" ಅಂದರು, ಮುಗೀತು. ಅವಳು ಎದುರು ಮಾತಾಡಲಿಲ್ಲ. ಆಡಿಯೂ ಇಲ್ಲ.

ಆ ರಾತ್ರಿ ಮಗಳಿಗೆ ಬಂದದ್ದು ಎರಡೇ ಮೆಸೇಜ್, ಎರಡೂ ಹೆಸರು ಕೇಳದ ಕಾಲೇಜು. ದುಡ್ಡಿನ ಮಾತಿಲ್ಲ. ಭಾವನಿಗೆ ಸ್ವಲ್ಪ ಬೇಜಾರು. "ಇಷ್ಟೊಂದು ಸುರಿದು ಏನು ಬಂತಕ್ಕಾ?" ಅಂತ ನಾನೂ ಕೇಳಿಬಿಟ್ಟೆ, ಕೇಳಬಾರದಿತ್ತು.

"ದುಡ್ಡು ಸುರಿದದ್ದು ಹುಚ್ಚುತನ ಅಂತ ನಂಗೂ ಗೊತ್ತು ಕಣೋ. ಆದ್ರೆ ಸಾಕು ಅಂತ ಅವಳಿಗೆ ಯಾರೂ ಹೇಳಿಲ್ಲ. ಸಾಕು ಅನ್ನಿಸ್ದಾಗ ಅವಳೇ ಹೇಳ್ತಾಳೆ" ಅಂದಳು.

ಅಷ್ಟರಲ್ಲಿ ಹಿಂದಿನಿಂದ "ಮಾಮ, ಇನ್ನೊಂದು ಬಂತು!" ಅಂತ ಕೂಗು. ಅಕ್ಕ ಫೋನ್ ಇಟ್ಟೇಬಿಟ್ಟಳು.

ನಿಮ್ಮ ಮನೆಯಲ್ಲೂ ಹೀಗೆ ಪಿಯುಸಿಗೆ ಆಟ ನಿಲ್ಲಿಸಿದ ಅಕ್ಕಂದಿರು ಇದ್ದಾರಾ? ಇದ್ದರೆ ಅವರ ಆಟ ಯಾವುದಿತ್ತು ಅಂತ ಒಮ್ಮೆ ಕೇಳಿ ನೋಡಿ.