ಖಡಕಿಯ ಎಂಜಿನ್, ಧನಕವಡಿಯ ಬೆಳಕು

ಧನಕವಡಿಯ ನಮ್ಮ ಸೊಸೈಟಿಯಲ್ಲಿ ಮೊದಲು ಇದ್ದ ಜನರೇಟರಿನ ಎಂಜಿನ್ ಪುಣೆಯದು, ಅದಕ್ಕೆ ಜೋಡಿಸಿದ್ದ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕರ್ನಾಟಕದ್ದು. ಎಂಜಿನ್ ಮಾಡಿದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಪುಣೆಯ ಖಡಕಿಯಲ್ಲಿ ಶುರುವಾದದ್ದು 1946ರಲ್ಲಿ. ಆಲ್ಟರ್ನೇಟರ್ ಮಾಡಿದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬೆಂಗಳೂರಿನಲ್ಲಿ ಶುರುವಾದದ್ದೂ ಅದೇ 1946ರಲ್ಲಿ. ಎರಡಕ್ಕೂ ಮೂಲಪುರುಷ ಒಬ್ಬರೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ನಾನೂ ಸವದತ್ತಿ ಸೀಮೆಯವನೇ. ಊರು ಬಿಟ್ಟು ಪುಣೆಗೆ ಬಂದು, ಡೀಸೆಲ್ ಜನರೇಟರುಗಳ, ಅಂದರೆ ಡಿಜಿ ಸೆಟ್ಟುಗಳ, ರಿಪೇರಿ ಮಾಡಿಕೊಂಡೇ ಮಕ್ಕಳನ್ನು ಓದಿಸಿದೆ. ಹೀಗಾಗಿ ಆ ಎರಡು ನೇಮ್ ಪ್ಲೇಟುಗಳನ್ನು ಒರೆಸುವಾಗ ನನಗೆ ಅಭಿಮಾನ ಉಕ್ಕುತ್ತಿತ್ತು.

ಈಗ ನಿವೃತ್ತನಾದ ಮೇಲೂ ಜನ ಕೇಳುವುದು ಒಂದೇ ಪ್ರಶ್ನೆ: ‘ಇಡೀ ಮನೆಗೆ ಜನರೇಟರ್ ಹಾಕಿಸಿದರೆ ಎಷ್ಟು ಖರ್ಚು? ನಂಬಬಹುದಾ?’ ಬೆಲೆಯನ್ನು ಯಾವ ಡೀಲರ್ ಆದರೂ ಹೇಳುತ್ತಾನೆ. ನಂಬಿಕೆಯ ಮಾತಿಗೆ ಉತ್ತರ ಸಿಗಬೇಕಾದರೆ ಈ ಯಂತ್ರ ಯಾರ ಯಾರ ಕೈ ದಾಟಿ ನಮ್ಮ ಪಾರ್ಕಿಂಗಿಗೆ ಬಂತು ಎನ್ನುವುದನ್ನು ನೋಡಬೇಕು.

ಲಕ್ಷ್ಮಣರಾವ್ ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟರು. ಕಬ್ಬಿಣದ ನೇಗಿಲು ತಯಾರಾದದ್ದು 1903ರಲ್ಲಿ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲದ ಬಳಿ ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದೆ ಹರಿಹರದ ಮೈಸೂರು ಕಿರ್ಲೋಸ್ಕರ್, ಬೆಂಗಳೂರು, ಖಡಕಿ. ಖಡಕಿಯ ಡೀಸೆಲ್ ಎಂಜಿನ್ ಮೊದಲು ದುಡಿದದ್ದು ನೀರಿಗಾಗಿ. ತಂತಿ ಕಾಣದ ಹಳ್ಳಿಗಳಲ್ಲಿ ಬಾವಿಯ ನೀರು ಎತ್ತಲಿಕ್ಕೆ ಮಟ್ಟಿ, ಎತ್ತು, ಕಪಲಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಲ್ಲಿಗೆ ಈ ಎಂಜಿನ್ ಬಂತು.

ಅದರಲ್ಲಿ ಎವಿ-1 ಅನ್ನುವ ಐದು ಹಾರ್ಸ್‌ಪವರ್ ಎಂಜಿನ್ನನ್ನು ನಾನು ಹುಡುಗನಾಗಿದ್ದಾಗಿನಿಂದ ಬಲ್ಲೆ. ಒಂದೇ ಸಿಲಿಂಡರ್, ತಂಪಿಗೆ ನೀರು, ಪಕ್ಕದಲ್ಲಿ ಭಾರಿ ಫ್ಲೈವ್ಹೀಲ್. ಚಾಲೂ ಮಾಡುವುದಕ್ಕೆ ಒಂದು ಶಿಸ್ತು ಬೇಕು. ತಲೆಯ ಮೇಲಿನ ಡಿಕಂಪ್ರೆಷನ್ ಲಿವರ್ ಎತ್ತಬೇಕು, ಆಗ ಒಳಗಿನ ಗಾಳಿ ಅದುಮಿಕೊಳ್ಳದೆ ಹೊರಗೆ ಹೋಗಿ ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಕಡೆಗೇ ಇಟ್ಟುಕೊಂಡು ಹ್ಯಾಂಡಲ್ ಹಿಡಿಯಬೇಕು, ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯಲಿ ಎಂದು. ವೇಗ ಸಿಕ್ಕಿತು ಅನ್ನಿಸಿದ ಗಳಿಗೆಗೆ ಲಿವರ್ ಬಿಡಬೇಕು. ‘ಡಬ್’ ಎಂದು ಒಂದು ಏಟು, ಕರಿ ಹೊಗೆ, ಆಮೇಲೆ ಹೊಲವೆಲ್ಲ ಕೇಳುವ ಸದ್ದು. ನಮ್ಮ ಅಪ್ಪ ಮನೆಯಲ್ಲಿ ಕೂತು ಆ ಸದ್ದು ಕೇಳಿಯೇ ‘ನೀರು ಕಡಿಮೆ ಬಿದ್ದದ, ಹೋಗಿ ನೋಡ್ರಿ’ ಅನ್ನುತ್ತಿದ್ದರು. ಬಾವಿಯ ಎಂಜಿನ್ ಕೈಕೊಟ್ಟದ್ದು ಕಡಿಮೆ. ದಿನವೂ ಓಡುತ್ತಿತ್ತು, ದಿನವೂ ಒಬ್ಬರು ಮುಟ್ಟಿ ನೋಡುತ್ತಿದ್ದರು.

ಅದೇ ಜಾತಿಯ ಎಂಜಿನ್ನಿಗೆ ಆಲ್ಟರ್ನೇಟರ್ ಕಟ್ಟಿದರೆ ಬೆಳಕು. ಇದರ ಲೆಕ್ಕ ಸರಳ. ನಾಲ್ಕು ಪೋಲ್‌ಗಳ ಆಲ್ಟರ್ನೇಟರನ್ನು ನಿಮಿಷಕ್ಕೆ 1500 ಸುತ್ತು ತಿರುಗಿಸಿದರೆ ನಮ್ಮ ದೇಶದ ಲೈನಿನಲ್ಲಿ ಇರುವ 50 ಹರ್ಟ್ಸ್ ಸಿಗುತ್ತದೆ. ನಮ್ಮ ಡಿಜಿ ಸೆಟ್ಟುಗಳಲ್ಲಿ ಹೆಚ್ಚಿನವು 1500ರ ಮೇಲೆ ನಿಂತಿರುವುದು ಇದಕ್ಕೇ. ನಮ್ಮ ಕಡೆ ಜಾತ್ರೆಗೆ ಬಂದ ಟೂರಿಂಗ್ ಟಾಕೀಸು, ನಾಟಕ ಕಂಪನಿಗಳ ಡೇರೆಯ ಹಿಂದೆ ಇಂಥ ಸೆಟ್ ಇರುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬ ಎಂಜಿನ್ ಮನುಷ್ಯ, ಕೈಯಲ್ಲಿ ಎಣ್ಣೆ ಬಟ್ಟೆ. ಆಟ ಮುಗಿಯುವ ತನಕ ಆತ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಪುಣೆಯ ಮನೆಗಳಿಗೆ ಮಾತ್ರ ಜನರೇಟರಿನ ಗರಜು ಬಹಳ ಕಾಲ ಬೀಳಲಿಲ್ಲ. 1960ರ ದಶಕದಲ್ಲಿ ಕೊಯ್ನಾ ಜಲವಿದ್ಯುತ್ ಬಂತು. ಡಿಜಿ ಸೆಟ್ಟು ಆಗ ಕಾರ್ಖಾನೆ, ಆಸ್ಪತ್ರೆ, ಸಿನಿಮಾ ಮಂದಿರಗಳ ಸ್ವತ್ತು. ದೊಡ್ಡ ಎಂಜಿನ್ನುಗಳಿಗಾಗಿ 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಸ್ಥಾಪನೆಯಾಗಿ ಕೋಥರೂಡಿನಲ್ಲಿ ಕಾರ್ಖಾನೆ ತೆರೆಯಿತು. ಇವತ್ತಿನ ಕಮಿನ್ಸ್ ಇಂಡಿಯಾ ಅದೇ. ಧನಕವಡಿ ಆಗಿನ್ನೂ ಸಾತಾರಾ ರಸ್ತೆಯ ಪಕ್ಕದ ಹಳ್ಳಿ. ಶಂಕರ ಮಹಾರಾಜರ ಮಠ, ತಳಜಾಯಿ ಗುಡ್ಡ, ಹೊಲ. ಭಾರತಿ ವಿದ್ಯಾಪೀಠ ಬೆಳೆದಂತೆ ವಿದ್ಯಾರ್ಥಿಗಳು ಬಂದರು, ಖೋಲಿಗಳು ಎದ್ದವು. ಮೂರು ನಾಲ್ಕು ಅಂತಸ್ತಿನ ಕಟ್ಟಡಗಳಿಗೆ ಲಿಫ್ಟ್ ಇರಲಿಲ್ಲ. ಕರೆಂಟ್ ಹೋದರೆ ಮೇಣದ ಬತ್ತಿ ಹಚ್ಚಿ ಮಾಳಿಗೆ ಮೇಲೆ ಕೂತರಾಯಿತು. ಆಮೇಲೆ ಲಿಫ್ಟ್ ಬಂತು, ಮೇಲಿನ ಟಾಕಿಗೆ ನೀರು ಏರಿಸುವ ಪಂಪ್ ಬಂತು, ಅವುಗಳ ಬೆನ್ನಿಗೆ ಡಿಜಿ ಬಂತು.

ಜನರೇಟರ್ ಮನೆಮಾತಾದದ್ದು 2005ರ ಲೋಡ್ ಶೆಡ್ಡಿಂಗ್ ಕಾಲದಲ್ಲಿ. ಎನ್ರಾನ್‌ನ ದಾಭೋಳ ವಿದ್ಯುತ್ ಸ್ಥಾವರ 2001ರಲ್ಲೇ ನಿಂತಿತ್ತು, ಬೇಡಿಕೆ ಏರುತ್ತಲೇ ಇತ್ತು, ರಾಜ್ಯದ ಕೊರತೆ ಸಾವಿರಾರು ಮೆಗಾವಾಟಿಗೆ ಹೋಯಿತು. ಆಗ ಪುಣೆ ಒಂದು ಕೆಲಸ ಮಾಡಿತು. ಅದನ್ನು ಇವತ್ತಿನ ಹುಡುಗರಿಗೆ ಯಾರೂ ಹೇಳಿಕೊಡುತ್ತಿಲ್ಲ ಎಂಬ ಸಂಕಟ ನನಗಿದೆ.

ನಗರಕ್ಕೆ ಬೀಳುತ್ತಿದ್ದ ಕೊರತೆ ಸುಮಾರು 90 ಮೆಗಾವಾಟ್. ಇತ್ತ ಪುಣೆ, ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಲ್ಲಿ ಸಾಲು ಸಾಲು ಡೀಸೆಲ್ ಸೆಟ್ಟುಗಳು ಸುಮ್ಮನೆ ನಿಂತಿದ್ದವು. ಉದ್ಯಮಿಗಳ ಸಂಘಟನೆ ಸಿಐಐ ಒಂದು ಯೋಜನೆ ಮುಂದಿಟ್ಟಿತು. ಕೊರತೆಯ ಹೊತ್ತಿನಲ್ಲಿ ಕಾರ್ಖಾನೆಗಳು ತಮ್ಮ ಡಿಜಿ ಓಡಿಸಿಕೊಳ್ಳಲಿ, ಅಷ್ಟರಮಟ್ಟಿಗೆ ಲೈನಿನ ಕರೆಂಟ್ ಉಳಿಯುತ್ತದೆ, ಅದು ಊರಿಗೆ ಹೋಗಲಿ. ಡೀಸೆಲ್‌ನ ಹೆಚ್ಚುವರಿ ಖರ್ಚನ್ನು ಬಳಕೆದಾರರು ತುಂಬಿಕೊಡಲಿ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಇದಕ್ಕೆ ಒಪ್ಪಿಗೆ ಕೊಟ್ಟು, 2006ರ ಜೂನ್‌ನಲ್ಲಿ ಯೋಜನೆ ಜಾರಿಗೆ ಬಂತು. ತಿಂಗಳಿಗೆ 300 ಯೂನಿಟ್ ದಾಟಿದ ಮನೆಗಳ ಬಿಲ್ಲಿನಲ್ಲಿ ಯೂನಿಟ್ಟಿಗೆ 42 ಪೈಸೆ ವಿಶ್ವಾಸಾರ್ಹತೆಯ ಶುಲ್ಕ ಸೇರಿತು. ಸಣ್ಣ ಮನೆಗಳ ಮೇಲೆ ಹೊರೆ ಬೀಳಲಿಲ್ಲ. ಸುತ್ತಲ ಹಳ್ಳಿಗಳು ಕತ್ತಲಲ್ಲಿ ಕೂತಾಗ ಪುಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹಳ್ಳಿಗೆ ಈ ಅನುಕೂಲ ಸಿಗಲಿಲ್ಲ ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು.

ಆಗ ನಾನು ಭೋಸರಿಯ ಒಂದು ಕಾರ್ಖಾನೆಯ ಡಿಜಿ ಕೋಣೆಯಲ್ಲಿದ್ದೆ. ಗಂಟೆಗೊಮ್ಮೆ ಲಾಗ್ ಬುಕ್ಕಿನಲ್ಲಿ ಆಯಿಲ್ ಪ್ರೆಷರ್, ನೀರಿನ ಶಾಖ, ವೋಲ್ಟೇಜ್, ಮೂರು ಫೇಸಿನ ಆಂಪಿಯರ್ ಬರೆಯಬೇಕು. ಆಯಿಲ್ ಪ್ರೆಷರ್ ಸ್ವಲ್ಪ ಜಾರಿದರೂ ಸೆಟ್ ನಿಲ್ಲುವ ಮೊದಲೇ ನಮಗೆ ಗೊತ್ತಾಗುತ್ತಿತ್ತು. ಬ್ಯಾಟರಿಗೆ ಒಬ್ಬ, ಡೀಸೆಲ್‌ಗೆ ಒಬ್ಬ, ಪಾಳಿಗೆ ಒಬ್ಬ ಫಿಟರ್. ಒಂದು ಊರಿಗೆ ಊರೇ ಡಿಜಿ ಸೆಟ್ಟುಗಳನ್ನು ನೆಚ್ಚಿಕೊಂಡು ಬಚಾವಾಯಿತು ಅಂದರೆ ಅದರ ಹಿಂದೆ ಈ ಪಾಳಿಯ ಜನ ಇದ್ದರು. ನಮ್ಮ ಹೊಲದ ಬಾವಿಯ ಬಳಿ ಇದ್ದದ್ದೂ, ಡೇರೆಯ ಹಿಂದೆ ಇದ್ದದ್ದೂ ಇದೇ ಜಾತಿಯ ಕಾವಲು.

ಸೊಸೈಟಿಗಳಿಗೆ ಬಂದಾಗ ಈ ಕಾವಲು ತಪ್ಪಿತು. 2000ದ ದಶಕದ ಆರಂಭದಲ್ಲಿ ಬಂದ ಸದ್ದಿನ ನಿಯಮದ ಪ್ರಕಾರ ಸೆಟ್ಟಿನ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಹೀಗಾಗಿ ಎಂಜಿನ್ ಸದ್ದು ತಡೆಯುವ ಪೆಟ್ಟಿಗೆಯ, ಅಂದರೆ ಕ್ಯಾನೊಪಿಯ, ಒಳಗೆ ಹೋಯಿತು. ನಿಯಮ ಒಳ್ಳೆಯದೇ, ಲಕ್ಷ್ಮೀ ರಸ್ತೆಯ ಫುಟ್‌ಪಾತಿನ ಸಣ್ಣ ಜನರೇಟರುಗಳ ಗದ್ದಲ ಕೇಳಿದವರು ಬೇಡ ಅನ್ನಲಾರರು. ಆದರೆ ಪೆಟ್ಟಿಗೆಗೆ ಬೀಗ ಬಿತ್ತು, ಕೀಲಿ ಚೇರ್ಮನ್ನರ ಮನೆಗೆ ಹೋಯಿತು. ಲೋಡ್ ಶೆಡ್ಡಿಂಗ್ ಮುಗಿದ ಮೇಲೆ ಅದನ್ನು ತೆಗೆಯುವ ಪ್ರಸಂಗವೇ ಇಲ್ಲ.

ನಮ್ಮ ಬೀದಿಯ ಒಂದು ಕಟ್ಟಡದ ವಾಚ್‌ಮನ್ ಕಲಬುರಗಿ ಕಡೆಯ ಹುಡುಗ. ಒಂದು ಮಳೆಗಾಲದ ರಾತ್ರಿ ಓಡಿ ಬಂದ. ‘ಕಾಕಾರ, ಬರ್ರಿ. ಸೆಲ್ಫ್ ಹೊಡದ್ರ ಬರೇ ಟಿಕ್ ಟಿಕ್ ಅಂತದರಿ. ಅಜ್ಜಿ ಲಿಫ್ಟಿನ್ಯಾಗ ಸಿಕ್ಕೊಂಡಾರ.’ ಹೋಗಿ ನೋಡಿದರೆ ಬ್ಯಾಟರಿ ಟರ್ಮಿನಲ್ಲಿನ ಮೇಲೆ ಹಸಿರು ಕಿಲುಬು. ಮೊದಲು ಮೇಲೆ ಹತ್ತಿ, ಲಿಫ್ಟಿನ ಬ್ರೇಕ್ ಕೈಯಿಂದ ಬಿಡಿಸಿ ಅಜ್ಜಿಯನ್ನು ಇಳಿಸಿದೆವು. ಆಮೇಲೆ ಬಿಸಿ ನೀರು ಹೊಯ್ದು ಟರ್ಮಿನಲ್ ತಿಕ್ಕಿ, ಪಕ್ಕದ ಟೆಂಪೊದ ಬ್ಯಾಟರಿಯಿಂದ ಕೇಬಲ್ ಕೊಟ್ಟ ಮೇಲೆ ಸೆಟ್ ಎದ್ದಿತು. ಲಕ್ಷಗಟ್ಟಲೆ ಬೆಲೆಯ ಯಂತ್ರ ನಿಂತದ್ದು ಕೆಲವು ಸಾವಿರದ ಬ್ಯಾಟರಿಯಿಂದ. ನಾನು ಕಂಡ ‘ಚಾಲೂ ಆಗಲಿಲ್ಲ’ ದೂರುಗಳಲ್ಲಿ ಹೆಚ್ಚಿನವು ಇಂಥವೇ. ಉಳಿದವು ಟಾಕಿಯಲ್ಲಿ ನೀರು ಕೂಡಿದ ಹಳೇ ಡೀಸೆಲ್, ಕಟ್ಟಿಕೊಂಡ ಫಿಲ್ಟರ್, ಆಟೊ ಮೋಡಿನಿಂದ ಯಾರೋ ತಪ್ಪಿಸಿಟ್ಟ ಸ್ವಿಚ್. ಒಳ್ಳೆಯ ಕಂಪನಿಯ ಎಂಜಿನ್ ತಾನಾಗಿ ಕೆಟ್ಟದ್ದು ಅಪರೂಪ.

2019ರ ಸೆಪ್ಟೆಂಬರ್ 25ರ ರಾತ್ರಿಯನ್ನು ಈ ಭಾಗದ ಯಾರೂ ಮರೆತಿಲ್ಲ. ಕಾತ್ರಜ ಕಡೆಯಿಂದ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಸಹಕಾರನಗರ, ಅರಣ್ಯೇಶ್ವರಕ್ಕೆ ನುಗ್ಗಿತು. ಪುಣೆ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. ಹಳ್ಳದ ಬದಿಯ ಒಂದು ಕಟ್ಟಡದಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿದ್ದ ಸೆಟ್ ಕೆಸರಿನಲ್ಲಿ ಹೂತಿತ್ತು. ಕರೆಂಟ್ ಇಲ್ಲದ ದಿನಕ್ಕೆಂದು ತಂದಿಟ್ಟ ಯಂತ್ರ ಆ ದಿನವೇ ಮುಳುಗಿತ್ತು. ಆಲ್ಟರ್ನೇಟರ್ ತೊಳೆದು, ತಾಡಪತ್ರಿ ಹೊದಿಸಿ, ಒಳಗೆ ದೊಡ್ಡ ಬಲ್ಬುಗಳನ್ನು ಉರಿಸಿ ವೈಂಡಿಂಗ್ ಒಣಗಿಸಿದೆವು. ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಮೆಗ್ಗರಿನ ಮುಳ್ಳು ಮೊದಲು ಸೊನ್ನೆಯಲ್ಲೇ ಇತ್ತು. ದಿನ ಕಳೆದಂತೆ ಮೆಲ್ಲಗೆ ಮೇಲೆದ್ದಿತು. ಆ ಸೆಟ್ಟನ್ನು ಆಮೇಲೆ ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. ಮೊದಲೇ ಕೂರಿಸಿದ್ದರೆ ಸಿಮೆಂಟಿನ ಖರ್ಚು ಮಾತ್ರ ಆಗುತ್ತಿತ್ತು.

ಇನ್ನು ಖರ್ಚಿನ ಮಾತು. ಲಿಫ್ಟ್, ಪಂಪ್, ಮೆಟ್ಟಿಲಿನ ದೀಪಗಳಿಗೆ ಸಾಕಾಗುವ, ಅಥವಾ ಎಸಿ ಸಮೇತ ಒಂದು ದೊಡ್ಡ ಬಂಗಲೆ ನಡೆಸುವ 25 ಕೆವಿಎ ಸೆಟ್ ಇವತ್ತು ನಾಲ್ಕೂವರೆಯಿಂದ ಐದೂವರೆ ಲಕ್ಷದ ಆಸುಪಾಸು. ಹೊಗೆಯ ಹೊಸ ಮಾನದಂಡ, ಸಿಪಿಸಿಬಿ 4 ಪ್ಲಸ್, 2023ರ ಜುಲೈನಲ್ಲಿ ಶುರುವಾದ ಮೇಲೆ ಬೆಲೆ ಒಂದು ಮೆಟ್ಟಿಲು ಏರಿದೆ. ಅದರ ಮೇಲೆ ಕಟ್ಟೆ, ಕೇಬಲ್, ಆಟೊ ಪ್ಯಾನೆಲ್. ಸೆಟ್ಟಿನ ಮೈಗೆ ಎರಡು, ನ್ಯೂಟ್ರಲ್‌ಗೆ ಎರಡು, ಒಟ್ಟು ನಾಲ್ಕು ಅರ್ಥಿಂಗ್ ಗುಂಡಿ. ಹೊಗೆ ಕೊಳವೆ ಕಟ್ಟಡದ ನೆತ್ತಿಗಿಂತ ಮೇಲೆ ಹೋಗಬೇಕು. ಎಷ್ಟು ಮೇಲೆ ಎಂಬುದಕ್ಕೆ ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಬೇಕು, 25 ಕೆವಿಎಗೆ ಒಂದು ಮೀಟರ್. ಈ ಕೊಳವೆಯನ್ನು ಮೊದಲನೇ ಮಹಡಿಯ ಕಿಟಕಿಯ ಕೆಳಗೇ ನಿಲ್ಲಿಸಿದ ಕಟ್ಟಡಗಳನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ಆ ಮನೆಗಳಲ್ಲೂ ಮಕ್ಕಳು ಇರುತ್ತಾರೆ.

ಓಡಿಸುವ ಖರ್ಚು ಬೇರೆ. ಒಂದು ಲೀಟರ್ ಡೀಸೆಲ್ಲಿಗೆ ಮೂರು, ಮೂರೂವರೆ ಯೂನಿಟ್ ಸಿಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಎಣ್ಣೆಯ ಖರ್ಚೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಲೋಡ್ ತೀರಾ ಕಡಿಮೆ ಇದ್ದರೆ ಇನ್ನೂ ಹೆಚ್ಚು, ಜೊತೆಗೆ ಸುಡದ ಎಣ್ಣೆ ಸೈಲೆನ್ಸರಿನಲ್ಲಿ ಕಟ್ಟಿಕೊಳ್ಳುತ್ತದೆ. ದೊಡ್ಡ ಸೆಟ್ ತಂದು ನಾಲ್ಕು ಟ್ಯೂಬ್‌ಲೈಟ್ ಉರಿಸುವವರು ಇದನ್ನು ಗಮನಿಸಬೇಕು.

ಧನಕವಡಿಯಲ್ಲಿ ಈಗ ಕರೆಂಟ್ ಹೋಗುವುದು ಮಳೆಗೆ, ಕೇಬಲ್ ಕೆಟ್ಟಾಗ, ಕೆಲವು ಸಲ ಗುರುವಾರದ ದುರಸ್ತಿಗೆ. ಇಷ್ಟಕ್ಕೆ ಒಂಟಿ ಮನೆಗೆ ಸ್ವಂತ ಜನರೇಟರ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆಕ್ಸಿಜನ್ ಯಂತ್ರವನ್ನೇ ನೆಚ್ಚಿಕೊಂಡ ರೋಗಿ ಇದ್ದರೆ ಮಾತು ಬೇರೆ. ಉಳಿದವರಿಗೆ ಕೋಣೆಗಳಿಗೊಂದು ಇನ್ವರ್ಟರ್, ಲಿಫ್ಟು ಪಂಪಿಗೆ ಕಟ್ಟಡಕ್ಕೆಲ್ಲ ಸೇರಿ ಒಂದು ಡಿಜಿ ಸಾಕು. ಅದಕ್ಕೆ ಹೆಸರು ಹಿಡಿದು ಒಬ್ಬ ಮನುಷ್ಯನನ್ನು ನೇಮಿಸಿ, ಆತನಿಗೆ ತಿಂಗಳ ಪಗಾರದ ಮೇಲೆ ಇದಕ್ಕೆಂದು ಬೇರೆ ದುಡ್ಡು ಕೊಡಿ. ವಾರಕ್ಕೊಮ್ಮೆ ಲಿಫ್ಟಿನ ಲೋಡ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಓಡಿಸಲಿ, ಬರೆದಿಡಲಿ. ಬ್ಯಾಟರಿ ಮೂರು ವರ್ಷಕ್ಕೆ ಬದಲಾಗಲಿ. ಡೀಲರಿನ ಕೊಟೇಶನ್ನಿನಲ್ಲಿ ಈ ಸಾಲು ಎಲ್ಲೂ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು.

ನಿಮ್ಮ ಸೊಸೈಟಿಯ ಮುಂದಿನ ಸಭೆಗೆ ಹೋದಾಗ ಲೆಕ್ಕಪತ್ರದ ಜೊತೆಗೆ ಜನರೇಟರಿನ ಲಾಗ್ ಬುಕ್ಕನ್ನೂ ಮೇಜಿನ ಮೇಲೆ ಇಡಿ ಎಂದು ಕೇಳಿ. ಪುಸ್ತಕವೇ ಇಲ್ಲ ಎಂಬ ಉತ್ತರ ಬಂದರೆ ಅವತ್ತೇ ಒಂದು ತಂದು, ಮೊದಲ ಪುಟದಲ್ಲಿ ಬ್ಯಾಟರಿಯ ತಾರೀಖು ಬರೆಯಿಸಿ.