ಜೀವಂತ ಕೀಟಗಳ ಸಾಗಣೆ

ರೇಷ್ಮೆಹುಳು, ಜೇನ್ನೊಣ, ಬಣ್ಣ ಕೊಡುವ ಕೀಟ, ಬೆಳೆಯ ಪೀಡೆಯನ್ನು ತಿನ್ನುವ ಮಿತ್ರಕೀಟ ಮುಂತಾದವನ್ನು ಸಾಯಗೊಡದೆ ದೂರದ ಊರಿಗೆ ಒಯ್ಯುವ ಕೆಲಸ. ಇದರಲ್ಲಿ ತೊಡಕು ಎರಡು. ಕೀಟ ದಾರಿಯಲ್ಲಿ ಸಾಯಬಾರದು. ತಲುಪಿದ ಮೇಲೆ ಬೇಡದ್ದು ಹೊರಬೀಳಬಾರದು. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಜನ ತಲೆಕೆಡಿಸಿಕೊಂಡದ್ದು ಮೊದಲನೆಯದಕ್ಕೆ ಮಾತ್ರ.

ಬರಹದಲ್ಲಿ ಉಳಿದಿರುವ ಹಳೆಯ ಪ್ರಸಂಗಗಳಲ್ಲಿ ಹೆಸರಾದದ್ದು ರೇಷ್ಮೆಯದು. ಕ್ರಿ.ಶ. 552ರ ಸುಮಾರಿಗೆ ಬೈಜಾಂಟಿಯಂನ ದೊರೆ ಜಸ್ಟಿನಿಯನ್ನನಿಗಾಗಿ ಸನ್ಯಾಸಿಗಳು ಪೂರ್ವದೇಶದಿಂದ ರೇಷ್ಮೆಹುಳುವಿನ ಮೊಟ್ಟೆ ತಂದರೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಮೊಟ್ಟೆಯನ್ನು ಟೊಳ್ಳು ಕೋಲಿನಲ್ಲಿ ಬಚ್ಚಿಟ್ಟು ತಂದ ಕತೆ ಅವನದಲ್ಲ, ಅದು ಥಿಯೋಫನೀಸ್ ಎಂಬ ಇನ್ನೊಬ್ಬನದು. ಅವನ ಪ್ರಕಾರ ತಂದವನು ಪರ್ಷಿಯದವನು. ಜನರ ಬಾಯಲ್ಲಿ ಎರಡೂ ಬೆರೆತುಹೋಗಿವೆ. ಎರಡರಲ್ಲೂ ಸಾಗಿದ್ದು ಮೊಟ್ಟೆಯೇ. ಮೊಟ್ಟೆಗೆ ಸೊಪ್ಪು ಹಾಕಬೇಕಿಲ್ಲ, ಹಿಕ್ಕೆ ತೆಗೆಯಬೇಕಿಲ್ಲ.

ಆದರೆ ಎಲ್ಲ ಮೊಟ್ಟೆಯೂ ಕಾಯುವುದಿಲ್ಲ. ಚಳಿನಾಡಿನ ತಳಿಗಳ ಮೊಟ್ಟೆ ಚಳಿಗಾಲ ಮುಗಿಯುವ ತನಕ ನಿದ್ದೆಯಲ್ಲಿರುತ್ತದೆ. ಮೈಸೂರು ತಳಿಯದು ಹತ್ತು ದಿನದ ಆಸುಪಾಸಿನಲ್ಲಿ ಒಡೆದು ಮರಿಯಾಗುತ್ತದೆ. ಟಿಪ್ಪು ಸುಲ್ತಾನ್ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಕಾಗದವೊಂದಿದೆ: ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾವುದ್ದೀನ್, ಕಸ್ತೂರಿ ರಂಗ ಇಬ್ಬರೂ ಕಡಪ ಸೀಮೆಯ ಸಿದ್ಧವಟದ ಹಾದಿಯಲ್ಲಿ ಮರಳುತ್ತಿದ್ದಾರೆ, ಹುಳುಗಳನ್ನು ಎಂಥ ಜಾಗದಲ್ಲಿಡಬೇಕೆಂದು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು. ಬಂಗಾಳದ ಹುಳುವೂ ವರ್ಷಕ್ಕೆ ಹಲವು ಪೀಳಿಗೆ ಕಾಣುವಂಥದ್ದಾಗಿದ್ದರೆ, ಅವರಿಬ್ಬರೂ ದಾರಿಯುದ್ದಕ್ಕೂ ಸೊಪ್ಪು ಹುಡುಕಿ ಹುಳು ಮೇಯಿಸುತ್ತಲೇ ಬಂದಿರಬೇಕು.

ನಿದ್ದೆಯ ಮೊಟ್ಟೆಯಿಂದ ದೊಡ್ಡ ವ್ಯಾಪಾರವೇ ಹುಟ್ಟಿದ್ದು 1860ರ ದಶಕದಲ್ಲಿ. ಪೆಬ್ರಿನ್ ರೋಗ ಯುರೋಪಿನ ರೇಷ್ಮೆಯನ್ನು ಹಾಳುಮಾಡಿತ್ತು. ಇಟಲಿಯ ಮೊಟ್ಟೆ ವ್ಯಾಪಾರಿಗಳು ವರ್ಷವರ್ಷವೂ ಜಪಾನಿಗೆ ಹೋಗಿ, ಮೊಟ್ಟೆ ಇಡಿಸಿದ ರಟ್ಟಿನ ಹಾಳೆಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ತಂದರು. ಕಾವು ತಗುಲಿದರೆ ಮೊಟ್ಟೆ ಅಕಾಲದಲ್ಲಿ ಒಡೆಯುತ್ತದೆ. ಆದ್ದರಿಂದ ಕೆಂಪು ಸಮುದ್ರದ ಬಿಸಿಲು ತಪ್ಪಿಸಲು ಶಾಂತಸಾಗರ ದಾಟಿ, ಅಮೆರಿಕವನ್ನು ರೈಲಿನಲ್ಲಿ ಹಾದು ಊರು ಸೇರಿದವರೂ ಇದ್ದರು.

ಕೆಲವು ಕೀಟಗಳಿಗೆ ಅವುಗಳ ಊಟವೇ ವಾಹನ; ಕೊಚಿನೀಲ್ ಸಾಗುವುದು ತಾನು ತಿನ್ನುವ ಪಾಪಾಸುಕಳ್ಳಿಯ ಮೇಲೆಯೇ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟವೆಂದು ನಂಬಿ 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲ್‌ನಿಂದ ಕಲ್ಕತ್ತೆಗೆ ತಂದದ್ದು ಬೇರೆಯೇ ಜಾತಿ. ಅದರಿಂದ ಒಳ್ಳೆಯ ಬಣ್ಣ ಬರಲಿಲ್ಲ; ಬದಲಿಗೆ ಅದು ಪಾಪಾಸುಕಳ್ಳಿಯ ಒಂದು ಜಾತಿಯನ್ನು ಮೆಳೆಮೆಳೆಯಾಗಿ ತಿಂದು ಮುಗಿಸಿತು. ಆಗಿದ್ದು ಒಳ್ಳೆಯದೇ, ಆದರೆ ತಂದವರ ಲೆಕ್ಕದಲ್ಲಿ ಅದು ಇರಲಿಲ್ಲ.

ಜೇನನ್ನು ಮೊದಲು ಗೂಡುಸಮೇತ ಹಡಗಿಗೆ ಏರಿಸುತ್ತಿದ್ದರು. 1622ರಲ್ಲಿ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಹೋದದ್ದು ಹಾಗೆ. ಸೆಕೆ, ಅಲುಗಾಟ, ನೀರಿನ ಕೊರತೆ ಸೇರಿದರೆ ಗೂಡು ಸತ್ತಂತೆಯೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಫ್ರಾಂಕ್ ಬೆಂಟನ್ ರೂಪಿಸಿದ ಅಂಗೈಯಗಲದ ಪೆಟ್ಟಿಗೆ ರಾಣಿನೊಣವನ್ನು ಅಂಚೆಯಲ್ಲೇ ಕಳಿಸುವಂತೆ ಮಾಡಿತು. ಮರದ ತುಂಡಿನಲ್ಲಿ ಸಾಲಾಗಿ ಕೊರೆದ ಗುಳಿಗಳು, ಮೇಲೆ ತಂತಿಬಲೆ. ಒಂದು ಗುಳಿಯಲ್ಲಿ ಜೇನುತುಪ್ಪ ಹಾಕಿ ನಾದಿದ ಸಕ್ಕರೆಪುಡಿಯ ಉಂಡೆ, ಉಳಿದವುಗಳಲ್ಲಿ ರಾಣಿ, ಅದಕ್ಕೆ ಉಣಿಸಲು ಕೆಲವೇ ದುಡಿಮೆ ನೊಣಗಳು. ತಲುಪಿದ ಪೆಟ್ಟಿಗೆಯನ್ನು ಹೊಸ ಗೂಡಿನಲ್ಲಿಟ್ಟರೆ ಅಲ್ಲಿನ ನೊಣಗಳು ಆ ಸಕ್ಕರೆಯನ್ನು ಮೆಲ್ಲಗೆ ತಿಂದು ದಾರಿ ಬಿಡಿಸುತ್ತವೆ. ಅಷ್ಟರಲ್ಲಿ ಪರಕೀಯ ರಾಣಿಯ ವಾಸನೆ ಅವಕ್ಕೆ ಒಗ್ಗಿರುತ್ತದೆ. ಬುತ್ತಿಯೇ ಬಾಗಿಲೂ ಆದ ಈ ಉಪಾಯಕ್ಕಿಂತ ಚೊಕ್ಕಟವಾದದ್ದು ಈ ಇತಿಹಾಸದಲ್ಲಿ ಇನ್ನೊಂದಿಲ್ಲ.

ತಂಪಿನ ಬಳಕೆ ಬಂದದ್ದು ಮಾಂಸದ ಹಡಗುಗಳ ಕೃಪೆಯಿಂದ. ನ್ಯೂಜಿಲೆಂಡಿನಲ್ಲಿ ಪರಾಗಸ್ಪರ್ಶ ಸಾಲದೆ ಕೆಂಪು ಕ್ಲೋವರ್ ಮೇವಿನ ಬೆಳೆ ಸರಿಯಾಗಿ ಬೀಜ ಕಟ್ಟುತ್ತಿರಲಿಲ್ಲ. ಚಳಿನಿದ್ದೆಯಲ್ಲಿದ್ದ ಬಂಬಲ್‌ಬೀ ರಾಣಿಗಳನ್ನು ಇಂಗ್ಲೆಂಡಿನಿಂದ ಶೀತಲ ಹಡಗುಗಳಲ್ಲಿ ತಂದರು, ಬಹಳಷ್ಟು ಸತ್ತವು. 1885ರಲ್ಲಿ ಕ್ರೈಸ್ಟ್‌ಚರ್ಚ್ ಬಳಿ ಬಿಟ್ಟ 93 ರಾಣಿಗಳೇ ಸಾಕಾದವು. ಮೂರು ವರ್ಷದ ಬಳಿಕ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯದಿಂದ ಕ್ಯಾಲಿಫೋರ್ನಿಯಕ್ಕೆ ವೆಡಾಲಿಯಾ ಎಂಬ ಗುಲಗಂಜಿ ಹುಳುಗಳನ್ನು ಹಡಗಿನ ಮಂಜುಗಡ್ಡೆ ಕೋಣೆಯಲ್ಲಿಟ್ಟು ಕಳಿಸಿದ. ಮೊದಲ ಮೂರು ಕಂತುಗಳಲ್ಲಿ ಜೀವಂತವಾಗಿ ಇಳಿದವು 129. ಲಾಸ್ ಏಂಜಲೀಸ್‌ನಲ್ಲಿ ಗುಡಾರ ಹೊದಿಸಿದ ಒಂದು ಕಿತ್ತಳೆ ಮರದ ಮೇಲೆ ಅವು ಸಂತಾನ ಬೆಳೆಸಿ, ತೋಟಗಳನ್ನು ನುಂಗುತ್ತಿದ್ದ ಹಿಟ್ಟುತಿಗಣೆಯಂಥ ಕೀಟವನ್ನು ಹತೋಟಿಗೆ ತಂದವು. ಇದೇ ಹುಳುವನ್ನು ಮುಂದೆ ನೀಲಗಿರಿಗೂ ತರಿಸಿದರು.

ಎರಡನೆಯ ತೊಡಕನ್ನು ಕಲಿಸಿದ್ದು ಎಡವಟ್ಟುಗಳು. 1860ರ ದಶಕದ ಕೊನೆಯಲ್ಲಿ ಟ್ರೂವೆಲೊ ಎಂಬಾತ ಮ್ಯಾಸಚೂಸೆಟ್ಸ್‌ನ ತನ್ನ ಮನೆಯಲ್ಲಿ ಸಾಕಲು ಯುರೋಪಿನಿಂದ ತಂದ ಜಿಪ್ಸಿ ಪತಂಗ ತಪ್ಪಿಸಿಕೊಂಡು ಅಮೆರಿಕದ ಕಾಡುಗಳನ್ನು ಬೋಳು ಮಾಡಿತು. 1957ರಲ್ಲಿ ಬ್ರೆಜಿಲ್‌ನಲ್ಲಿ ವಿಜ್ಞಾನಿ ವಾರ್ವಿಕ್ ಕೆರ್ ಸಾಕಿದ್ದ ಆಫ್ರಿಕಾದ ಜೇನಿನ 26 ಹಿಂಡುಗಳು ಹಾರಿಹೋದವು. ಅವುಗಳ ಸಂತತಿ ಅಮೆರಿಕ ಸಂಯುಕ್ತ ಸಂಸ್ಥಾನದವರೆಗೂ ಹಬ್ಬಿದೆ. ಇಂಥ ಎಡವಟ್ಟು ತಡೆಯಲೆಂದೇ ಹೊರಗಿನ ಕೀಟಗಳಿಗೆ ಕಾನೂನಿನ ಕಡಿವಾಣವೂ ಕ್ವಾರಂಟೈನೂ ಬಂದವು; ಭಾರತದಲ್ಲಿ ಪೀಡೆಗಳ ಕಾಯ್ದೆ 1914ರಲ್ಲೇ ಬಂದಿತ್ತು.

ಕ್ವಾರಂಟೈನ್ ಎಂದರೆ ಎಂಥ ತಾಳ್ಮೆಯ ಕೆಲಸವೆಂಬುದಕ್ಕೆ ಆಫ್ರಿಕಾದಿಂದ ಆಸ್ಟ್ರೇಲಿಯಕ್ಕೆ ತರಿಸಿದ ಸಗಣಿಹುಳುಗಳೇ ಸಾಕ್ಷಿ. 1960ರ ದಶಕದಲ್ಲಿ ಜಾರ್ಜ್ ಬೋರ್ನೆಮಿಸ್ಸಾ ಆರಂಭಿಸಿದ ಯೋಜನೆಯಲ್ಲಿ ಹುಳುಗಳ ಬದಲು ಮೊಟ್ಟೆಗಳನ್ನು ತರಿಸಿದರು. ಆಫ್ರಿಕಾದ ಸಗಣಿಯಲ್ಲಿ ದನದ ರೋಗಗಳಿರಬಹುದಲ್ಲ! ಮೊಟ್ಟೆಗಳ ಮೈಯನ್ನು ಸೋಂಕುನಿವಾರಕದಿಂದ ತೊಳೆದು ವಿಮಾನಕ್ಕೆ ಹಾಕಿ, ಕ್ಯಾನ್‌ಬೆರಾದಲ್ಲಿ ಕೈಯಲ್ಲೇ ಉರುಟಿದ ಸಗಣಿ ಉಂಡೆಗಳೊಳಗೆ ಒಂದೊಂದಾಗಿ ಇಟ್ಟರು.

ಭಾರತಕ್ಕೆ ಬಂದ ಮಿತ್ರಕೀಟಗಳಲ್ಲಿ ಹೆಚ್ಚಿನವು ಇಳಿದದ್ದು ಬೆಂಗಳೂರಿನಲ್ಲಿ. ಕಾಂಗ್ರೆಸ್ ಕಳೆ ತಿನ್ನುವ ದುಂಬಿ 1983ರಲ್ಲಿ ಮೆಕ್ಸಿಕೊದಿಂದ, ಪಪ್ಪಾಯಿ ಹಿಟ್ಟುತಿಗಣೆಯ ಕಣಜ 2010ರಲ್ಲಿ ಪೋರ್ಟೊರಿಕೊದಿಂದ ಬಂದವು. ಪೊಟ್ಟಣ ಬಿಚ್ಚುವುದು ಮುಚ್ಚಿದ ಕೋಣೆಯಲ್ಲಿ. ಜೊತೆಗೆ ಬಂದ ಎಲೆ, ಕಾಗದ, ಸತ್ತ ಹುಳು ಎಲ್ಲವನ್ನೂ ನಾಶಮಾಡುತ್ತಾರೆ. ಕಣಜದ ಒಡಲಲ್ಲಿ ಅದನ್ನೇ ತಿನ್ನುವ ಇನ್ನೊಂದು ಕಣಜ ಅಡಗಿರಬಹುದಾದ್ದರಿಂದ ಇಲ್ಲೇ ಮುಂದಿನ ಪೀಳಿಗೆ ಬೆಳೆಸಿ ನೋಡಿದ ಮೇಲೆಯೇ ಬಿಡುಗಡೆ. ಮರಗೆಣಸಿನ ಹಿಟ್ಟುತಿಗಣೆಯನ್ನು ಕೊಲ್ಲುವ ಪುಟ್ಟ ಕಣಜ 2021ರಲ್ಲಿ ಬೆನಿನ್ ದೇಶದಿಂದ ಬೆಂಗಳೂರಿಗೆ ಬಂತು. ಸೇಲಂನ ಹೊಲಕ್ಕೆ ಅದನ್ನು ಬಿಟ್ಟದ್ದು 2022ರ ಮಾರ್ಚಿನಲ್ಲಿ.