ಡ್ರಾಫ್ಟ್ ನಂತರ ಡಿಫೆನ್ಸ್‌ಮನ್‌ನ ಮೌಲ್ಯಮಾಪನ (ಐಸ್ ಹಾಕಿ)

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ವಾರ್ಷಿಕ ಡ್ರಾಫ್ಟ್‌ನಲ್ಲಿ ಹೆಚ್ಚಾಗಿ 18ರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೈಕಟ್ಟು, ವೇಗ ಎರಡೂ ಇದ್ದು ಆಟ ಮಾತ್ರ ಪಳಗದ ಡಿಫೆನ್ಸ್‌ಮನ್‌ನನ್ನು ಗೋಲು, ಅಸಿಸ್ಟ್‌ಗಳ ಲೆಕ್ಕದಿಂದ ಅಳೆಯುವುದು ಆತುರವೇ ಸರಿ. ಫಾರ್ವರ್ಡ್ ಎಡವಿದರೆ ಅವಕಾಶವೊಂದು ಕೈತಪ್ಪುತ್ತದೆ; ಡಿಫೆನ್ಸ್‌ಮನ್ ಎಡವಿದರೆ ಎದುರಾಳಿ ಗೋಲಿಯ ಮುಂದೆಯೇ ನಿಂತಿರುತ್ತಾನೆ. ಆದ್ದರಿಂದ ಈ ಸ್ಥಾನದ ಆಟಗಾರ ಮಾಗುವುದು ನಿಧಾನ. ಮೂಲೆಗೆ ಜಾರಿದ ಪಕ್‌ನತ್ತ ಧಾವಿಸುವಾಗ ಅವನು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆಯೇ, ಒತ್ತಡ ಬಿದ್ದಾಗ ಜೊತೆಗಾರನನ್ನು ಹುಡುಕುತ್ತಾನೆಯೇ ಅಥವಾ ಪಕ್ಕನ್ನು ಬೋರ್ಡಿಗೆ ಬಡಿದು ಕೈತೊಳೆದುಕೊಳ್ಳುತ್ತಾನೆಯೇ ಎಂಬುದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬೇಕು.

ತಾಳ್ಮೆ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ: ಸ್ಲೊವಾಕಿಯಾದ ಜ್ಡೆನೊ ಚಾರಾನನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ 1996ರಲ್ಲಿ 56ನೆಯವನಾಗಿ ಆರಿಸಿ, 2001ರಲ್ಲಿ ಒಟ್ಟಾವಾಕ್ಕೆ ಬಿಟ್ಟುಕೊಟ್ಟಿತು. ಆತ 2009ರಲ್ಲಿ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಸಲ್ಲುವ ನಾರಿಸ್ ಟ್ರೋಫಿ ಪಡೆದ. 2011ರಲ್ಲಿ ಬೋಸ್ಟನ್ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿದ. ಗೆದ್ದವನೊಬ್ಬನನ್ನು ತೋರಿಸಿ ತಾಳ್ಮೆಯನ್ನು ಸಮರ್ಥಿಸುವುದು ಸುಲಭ ಎಂಬ ಆಕ್ಷೇಪ ನ್ಯಾಯವಾದದ್ದೇ: ಅದೇ ಐಲ್ಯಾಂಡರ್ಸ್ ತಂಡ 2012ರಲ್ಲಿ 4ನೆಯವನಾಗಿ ಆರಿಸಿದ ಗ್ರಿಫಿನ್ ರೈನ್‌ಹಾರ್ಟ್ ಎನ್‌ಎಚ್‌ಎಲ್‌ನಲ್ಲಿ ನೆಲೆಯೂರಲೇ ಇಲ್ಲ. ಆದರೆ ಕಾಯುವುದೆಂದರೆ ಕಣ್ಣುಮುಚ್ಚಿ ಕೂರುವುದಲ್ಲ. ಎತ್ತರ ಕಲಿಸಿ ಬರುವಂಥದ್ದಲ್ಲ, ನಿರ್ಧಾರದ ಚುರುಕನ್ನು ಒಂದು ಮಟ್ಟಿಗೆ ಕಲಿಸಬಹುದು. ಎರಡು ಮೂರು ಋತು ಕಳೆದರೂ ಅದೇ ತಪ್ಪು ಮರುಕಳಿಸುತ್ತಿದ್ದರೆ, ಆಯ್ಕೆಯ ಕ್ರಮಾಂಕ ಎಷ್ಟೇ ಮೇಲಿರಲಿ, ಅಂದಾಜನ್ನು ಇಳಿಸಲೇಬೇಕು.